ಗಂಜಿ ಹಾಕಿದ ಗುರುತುಪಟ್ಟಿ

೯ ಫೆಬ್ರವರಿ ೧೯೩೭

ಮಗಳ ಕರ್ಮಗಳೆಲ್ಲ ಮುಗಿದವು. ನೆಂಟರು ಬೆಳಿಗ್ಗೆಯೇ ಕಳಸಕ್ಕೆ ಹೊರಟರು. ನಾನು ಡಿಸ್ಪೆನ್ಸರಿಯ ಬಾಗಿಲು ತೆಗೆದೆ.

ಜ್ವರದ ಕಾಲ ಶುರುವಾಗಿದೆ. ಕಾಫಿ ತೋಟದ ಕೂಲಿ ಲೈನುಗಳಿಂದ ಬಂದವರು ಎಂದಿನಂತೆ ಜಗಲಿಯ ಮೇಲೆ ಕುಳಿತಿದ್ದರು. ಎಂದಿನಂತೆ ಕ್ವಿನೈನ್ ಅಳೆದು ಅವರವರ ಲೋಟಕ್ಕೆ ಹೊಯ್ದೆ. ಇವತ್ತು ಯಾರೂ ಕಹಿಯೆಂದು ಮುಖ ಕಿವುಚಲಿಲ್ಲ. ಅದು ಮರ್ಯಾದೆಯೋ ಅನುಮಾನವೋ ತಿಳಿಯದು. ಕಂಪೌಂಡರನ ಮಗಳೇ ಅದನ್ನು ಕುಡಿದು ಉಳಿಯಲಿಲ್ಲವೆಂಬ ಸುದ್ದಿ ಬಾಳೂರಿನ ಆಚೆಗೂ ಹೋಗಿದೆ.

ಕಸ ಗುಡಿಸುವ ಗಿಡ್ಡಮ್ಮ ಪೊರಕೆ ಹಿಡಿದುಕೊಂಡೇ ಕೇಳಿದಳು. "ಉಂಡ್ರಾ ಅಯ್ಯ?"

"ಆಯ್ತು."

"ಅಮ್ಮಾರು?"

ನನಗೆ ಗೊತ್ತಿರಲಿಲ್ಲ.

೧೪ ಫೆಬ್ರವರಿ

ಭಾನುವಾರ. ಕಪಾಟಿನ ಪುಸ್ತಕಗಳ ಧೂಳು ಹೊಡೆದೆ. ಮಗು ಎಲ್ಲದರಲ್ಲೂ ಒಂದೊಂದು ಗುರುತು ಸಿಕ್ಕಿಸಿದೆ. ಹಾಡಿನ ಪುಸ್ತಕದಲ್ಲಿ ಜಡೆಯಂತೆ ಹೆಣೆದ ಬಾಳೆನಾರು. ಚರಿತ್ರೆಯ ಪುಸ್ತಕದಲ್ಲಿ ಹಳೆಯ ಪಂಚಾಂಗದ ರಟ್ಟು, ಮೇಲೆ ಚಹಾ ಪೊಟ್ಟಣದ ಬೆಳ್ಳಿಕಾಗದ. ಲೆಕ್ಕದ ಪುಸ್ತಕದಲ್ಲಿ ಒಂದು ಒಣಗಿದ ಕಾಫಿ ಎಲೆ, ಮೊದಲ ಪಾಠದಲ್ಲೇ.

ಮಂಜಯ್ಯ ಮೇಷ್ಟ್ರಿಂದ ತಂದ ದಪ್ಪ ಕಾದಂಬರಿಯಲ್ಲಿ ಇರುವುದು ಮಾತ್ರ ಬೇರೆ ತರಹದ್ದು. ಡಿಸ್ಪೆನ್ಸರಿಯ ಬ್ಯಾಂಡೇಜು ಬಟ್ಟೆಯ ತುಂಡನ್ನು ಮಡಿಸಿ, ಗಂಜಿಯಲ್ಲಿ ಅದ್ದಿ, ಅನ್ನದ ತಪ್ಪಲೆಯ ಬಿಸಿ ಹೊಟ್ಟೆಗೆ ಅಂಟಿಸಿ ಒಣಗಿಸಿದ್ದು. ಸುತ್ತ ಕೆಂಪು ದಾರದ ಹೊಲಿಗೆ. ತುದಿಗೆ ಕಾಫಿ ಚೀಲದ ಸೆಣಬಿನ ಬಾಲ. ತಾಯಿ ಮಗಳು ಕೂತು ಇದನ್ನು ಮಾಡುತ್ತಿದ್ದುದನ್ನು ನಾನು ನೋಡಿದ್ದೆ. ಸಂಜೆ ಅಡುಗೆಮನೆಯಲ್ಲಿ ಮಗು ಗಟ್ಟಿಯಾಗಿ ಓದುತ್ತಿತ್ತು, ಮನೆಯವಳು ಕೇಳುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಓದು ನಿಂತಾಗ ಪುಸ್ತಕ ಮುಚ್ಚಿ, ಗುರುತಿನ ಎರಡೂ ಬದಿಯ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿ, "ಇಷ್ಟಾಯ್ತು, ಇನ್ನಿಷ್ಟಿದೆ" ಅನ್ನುತ್ತಿದ್ದಳು.

ಪುಸ್ತಕಗಳನ್ನು ಇದ್ದಂತೆಯೇ ಜೋಡಿಸಿಟ್ಟೆ.

೧೮ ಫೆಬ್ರವರಿ

ಬಾಳೂರು ಶಾಲೆಯ ಮಂಜಯ್ಯ ಮೇಷ್ಟ್ರು ಬಂದಿದ್ದರು. ಎದ್ದು ಹೋಗುವಾಗ ಕಪಾಟಿನ ಕಡೆ ನೋಡಿದರು.

"ಪುಸ್ತಕಕ್ಕೆ ಅವಸರ ಏನೂ ಇಲ್ಲ ಮಾರಾಯ್ರೆ. ಪೋಸ್ಟ್ ಮಾಸ್ಟ್ರ ಹೆಂಡತಿ ಎರಡು ಸಲ ಕೇಳಿದ್ರು ಅನ್ನೋದು ಬಿಟ್ರೆ."

ಕೊಟ್ಟು ಬಿಡುವುದೇ ಸರಿ ಅನಿಸಿತು. ಅವರು ಹೋದ ಮೇಲೆ ಗುರುತನ್ನು ತೆಗೆದಿಟ್ಟುಕೊಳ್ಳೋಣವೆಂದು ಪುಸ್ತಕ ಬಿಡಿಸಿದೆ. ನಾಗವೇಣಿ ಎಂಬ ಒಬ್ಬಳು ದೋಣಿಗಾಗಿ ಕಾಯುತ್ತಿದ್ದಾಳೆ. ಮಗು ನಿಲ್ಲಿಸಿದ್ದು ಅಲ್ಲಿ. ದೋಣಿ ಬಂತೇ ಎಂದು ಒಂದು ಪುಟ ನೋಡಿದೆ. ನಿಂತುಕೊಂಡೇ ಐದಾರು ಪುಟ ಆಯಿತು. ನನಗೆ ಕಾದಂಬರಿಯ ಚಟವಿಲ್ಲ. ಓದು ನಿಂತಲ್ಲಿಗೆ ಗುರುತನ್ನು ಸರಿಸಿ ಇಟ್ಟೆ. ಇಡದಿದ್ದರೆ ನಾಳೆ ಎಲ್ಲೆಂದು ಹುಡುಕುವುದು?

ಹಿಂದಿನ ಪುಟಗಳನ್ನು ತೆರೆಯಲಿಲ್ಲ. ಅವು ಓದಿ ಆದವು.

೨೪ ಫೆಬ್ರವರಿ

ಮಧ್ಯಾಹ್ನ ಊಟವಾದ ಮೇಲೆ ಮನೆಯವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗುತ್ತಾಳೆ. ಆಗ ಓದುತ್ತೇನೆ. ಅವಳೆದುರು ಓದಲಾರೆ.

ನಾಗವೇಣಿ ಈಗ ಬಂದರಿನಲ್ಲಿ ಊಟದ ಮನೆ ನಡೆಸುತ್ತಿದ್ದಾಳೆ. ಘಟ್ಟ ಇಳಿದು ಹೋದ ಅಣ್ಣನನ್ನು ಹುಡುಕುತ್ತಿದ್ದಾಳೆ. ಎಡಗೈಗೆ ಮಾತ್ರ ಬಳೆ ಹಾಕುತ್ತಾಳೆ. ಬಂದವರೆಲ್ಲ ಅದನ್ನು ನೋಡುತ್ತಾರೆ, ಯಾರೂ ಕೇಳುವುದಿಲ್ಲ. ಯಾಕೆಂದು ಹಿಂದೆ ಎಲ್ಲೋ ಬರೆದಿರಬೇಕು.

೨೬ ಫೆಬ್ರವರಿ

ಗುರುತು ನಾನಿಟ್ಟ ಜಾಗದಲ್ಲಿ ಇರಲಿಲ್ಲ. ಹಿಂದಕ್ಕೆ ಹೋಗಿತ್ತು. ನಿನ್ನೆ ನಾಗವೇಣಿಯನ್ನು ಸಂತೆಯಲ್ಲಿ ಬಿಟ್ಟಿದ್ದೆ, ಇವತ್ತು ತೆರೆದರೆ ಇನ್ನೂ ದೋಣಿಯಲ್ಲೇ ಇದ್ದಾಳೆ. ನನ್ನದೇ ತಪ್ಪಿರಬೇಕೆಂದು ಮತ್ತೆ ಓದಿಕೊಂಡು ಸಂತೆಗೆ ಬಂದೆ.

೨೭ ಫೆಬ್ರವರಿ

ಮತ್ತೆ ಹಿಂದಕ್ಕೆ.

ನಾನು ಔಷಧಿ ಅಳೆಯುವವನು. ಗಾಜಿನ ಗೆರೆ ತಪ್ಪುವ ಕೈಯಲ್ಲ ಇದು. ಪುಸ್ತಕ ಮುಚ್ಚಿ ಇಟ್ಟು ಹೊರಟೆ. ಡಿಸ್ಪೆನ್ಸರಿಯ ದಾರಿಯಲ್ಲಿ ಕಾಫಿ ಗಿಡಗಳ ನಡುವೆ ಯಾರೋ ಹಿಂದೆ ಬರುತ್ತಿರುವ ಹಾಗಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲವೆಂದು ಗೊತ್ತಿತ್ತು. ಅದನ್ನೇ ನೋಡಲು ಇಷ್ಟವಿರಲಿಲ್ಲ.

೨ ಮಾರ್ಚ್

ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಿಲಲ್ಲಿ ಮಾತು ಕೇಳಿಸಿತು. ಗಿಡ್ಡಮ್ಮ ಸೌದೆ ತಂದುಹಾಕಿ ಕೂತಿದ್ದಳು.

"ನಮ್ಮ ಕಾತಿ ಓದ್ತಿದಾಳೆ ಗಿಡ್ಡಮ್ಮ," ಎಂದಳು ಮನೆಯವಳು. ಗಂಜಿಗೆ ಉಪ್ಪು ಹಾಕಿದ್ದೀನಿ ಎನ್ನುವಷ್ಟು ಸಹಜವಾಗಿ. "ಗುರುತು ಮುಂದೆ ಹೋಗಿದೆ. ನಾನು ದಿನಾ ಮುಟ್ಟಿ ನೋಡ್ತೀನಿ. ಈ ಕಡೆ ದಪ್ಪ ಆಗ್ತಿದೆ."

"ಅರ್ಧಕ್ಕೆ ಬಿಟ್ಟೋದೋರು ಮುಗ್ಸಕ್ಕೆ ಬತ್ತಾರೆ ಅಮ್ಮಾ. ನಮ್ಮತ್ತೆ ಹೆಣೀತಿದ್ದ ಚಾಪೆ ನಾವ್ ಸುಟ್ಟೇಬಿಟ್ವಿ, ಇಲ್ದಿದ್ರೆ ಆ ಮುದುಕಿ ಬುಡ್ತಿರ್ಲಿಲ್ಲ."

"ಮುಗಿದ್ರೆ?"

"ಮುಗುದ್ರೆ ಹೋಯ್ತಾರೆ. ಇನ್ನೇನ್ ಕೆಲ್ಸ ಇಲ್ಲಿ?"

ನಾನು ಕೆಮ್ಮಿ ಒಳಗೆ ಹೋದೆ. ಕಪಾಟಿನ ಕೆಳಗೆ ಬಾಳೆಲೆಯ ಮೇಲೆ ಅವಲಕ್ಕಿ ಇಟ್ಟಿತ್ತು, ಬೆಲ್ಲ ಕಲಸಿದ್ದು. ನಾನಿಟ್ಟ ಗುರುತು ಹಿಂದಕ್ಕೆ ಹೋಗಿದ್ದು ಹೇಗೆಂದು ಆಗ ಕೇಳಬಹುದಿತ್ತು. ಕೇಳಿದರೆ ಮುಂದಕ್ಕೆ ಹೋಗಿದ್ದು ಹೇಗೆಂದು ನಾನು ಹೇಳಬೇಕಾಗುತ್ತಿತ್ತು.

೫ ಮಾರ್ಚ್

ಮನೆಯವಳಿಗೆ ಚಳಿ ಬಂತು. ಹೊದ್ದದ್ದರ ಮೇಲೆ ಹೊದೆಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಉರಿ, ಆಮೇಲೆ ಬೆವರು. ಅನುಮಾನವೇ ಇಲ್ಲ.

ಕ್ವಿನೈನ್ ತಂದೆ. ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು.

"ಅದನ್ನ ಅವಳೂ ಕುಡಿದ್ಲು," ಎಂದಳು.

೬ ಮಾರ್ಚ್

ಕುಡಿಯಲಿಲ್ಲ.

೭ ಮಾರ್ಚ್

ಚಳಿ, ಅದೇ ಹೊತ್ತಿಗೆ. ಕುಡಿಯಲಿಲ್ಲ. ಜೇನಿನಲ್ಲಿ ಕಲಸಿ ಕೊಟ್ಟೆ, ಹೊರಗೆ ಚೆಲ್ಲಿದಳು. ಜೇನು ಸಿಹಿಯೆಂದು ಇರುವೆಗಳು ಬಂದು, ಕಹಿಯೆಂದು ಹೋದವು.

೧೦ ಮಾರ್ಚ್

ಈ ಮೂರ್ನಾಲ್ಕು ದಿನ ಓದಿರಲಿಲ್ಲ. ಗುರುತು ಅಲ್ಲಾಡಲಿಲ್ಲ. ಅವಳು ಹಾಸಿಗೆಯಿಂದ ಏಳಲಿಲ್ಲ, ತಲೆ ಬಾಚಲಿಲ್ಲ. ಇವತ್ತು ಅವಳು ಮಂಪರಿನಲ್ಲಿದ್ದಾಗ ಸ್ವಲ್ಪ ಓದಿ ಗುರುತು ಮುಂದಿಟ್ಟೆ. ಸಂಜೆ ಬಂದು ನೋಡಿದರೆ ಒಲೆ ಹೊತ್ತಿತ್ತು. ಗೋಡೆ ಹಿಡಿದುಕೊಂಡು ಎದ್ದು ಸಾರು ಮಾಡಿದ್ದಳು. ನನಗೂ ಬಡಿಸಿ, ತಾನೂ ಎರಡು ತುತ್ತು ಉಂಡಳು.

ಹೀಗಾದರೆ ಇದೂ ಒಂದು ಔಷಧಿ. ದಿನಕ್ಕೆ ಎರಡು ಹಾಳೆ, ಊಟದ ನಂತರ.

ಕಾದಂಬರಿಯ ಬಲಬದಿ ತೆಳ್ಳಗಾಗುತ್ತಿದೆ. ಓದುವಾಗ ಈಗ ಬೇರೊಂದು ಭಾವನೆ. ನಾನು ತೆರೆಯದ ಆ ಹಿಂದಿನ ಪುಟಗಳ ಕಡೆಯಿಂದ ಯಾರೋ ನನ್ನ ಓದನ್ನು ಗಮನಿಸುತ್ತಿದ್ದಾರೆ. ತಪ್ಪು ಓದಿದರೆ ತಿದ್ದಲು ಕಾದಿರುವಂತೆ.

೧೫ ಮಾರ್ಚ್

ಮೊದಲ ಮಳೆ ಬಿದ್ದು ತೋಟವೆಲ್ಲ ಹೂವಾಗಿದೆ. ಬಿಳಿ ಬಿಳಿ. ವಾಸನೆಗೆ ತಲೆ ಭಾರ. ತೋಟದ ಬಿಳಿ ದೊರೆ ಖುಷಿಯಾಗಿದ್ದಾನೆ. ಅವನನ್ನು ನೋಡಲು ಮೂಡಿಗೆರೆಯಿಂದ ಬಂದಿದ್ದ ಡಾಕ್ಟರರನ್ನು ಮನೆಗೆ ಕರೆತಂದೆ. ಅವರು ಇವಳ ಹೊಟ್ಟೆ ಒತ್ತಿ ನೋಡಿದರು. ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡಿದೆ. ರೆಪ್ಪೆ ಎತ್ತಿದರೆ ಕಣ್ಣು ಬಿಳಿಚಿ ಕಾಗದದಂತಿದೆ.

ಹೊರಗೆ ಬಂದು ನನ್ನ ಮೇಲೆ ರೇಗಿದರು. "ಊರಿಗೆಲ್ಲ ಕುಡಿಸ್ತೀಯ, ಮನೆಯಲ್ಲಿ ಕುಡಿಸೋಕೆ ಆಗಲ್ವೇನಯ್ಯಾ? ನಾಳೆ ಮೂಡಿಗೆರೆಗೆ ಕರ್ಕೊಂಡು ಬಾ. ಅಲ್ಲಿ ಮೂಗು ಹಿಡಿದು ಹೊಯ್ತೀವಿ. ಇನ್ನು ಹದಿನೈದು ದಿನ ಹೀಗೇ ಬಿಟ್ರೆ ನಾನು ಜವಾಬ್ದಾರನಲ್ಲ."

ಒಳಗೆ ಹೋಗಿ ಹೇಳಿದೆ.

"ಅವಳನ್ನ ಒಬ್ಬಳನ್ನೇ ಬಿಟ್ಟು ಬರಲಾ? ಓದು ಮುಗೀಲಿ. ಆಮೇಲೆ ಎಲ್ಲಿಗಾದ್ರೂ ಒಯ್ಯಿರಿ."

ಓದು ಮುಗಿದರೆ ಮಗು ಹೋಗಿಬಿಡುತ್ತದೆ, ಅದರ ಹಿಂದೆಯೇ ಇವಳೂ ಅದೇ ದಾರಿ ಹಿಡಿಯುತ್ತಾಳೆ. ಮುಗಿಯದಿದ್ದರೆ ಈ ಮನೆ ಬಿಟ್ಟು ಕದಲುವುದಿಲ್ಲ. ಇವಳನ್ನು ಇಲ್ಲಿ ಕಟ್ಟಿಹಾಕಿರುವ ದೆವ್ವ ನಾನೇ. ಊಟದ ನಂತರ, ದಿನಕ್ಕೆ ಎರಡು ಹಾಳೆ.

೧೮ ಮಾರ್ಚ್

ಡಿಸ್ಪೆನ್ಸರಿಯಿಂದ ಹೊರಡುವ ಮುಂಚೆಯಷ್ಟೇ ಮಚ್ಚು ತಗುಲಿದ ಒಬ್ಬನ ಕಾಲಿಗೆ ಹೊಲಿಗೆ ಹಾಕಿ ಟಿಂಚರ್ ಅಯೋಡಿನ್ ಹಚ್ಚಿದ್ದೆ. ಕೈ ಒರೆಸಿಕೊಂಡಿದ್ದೆ, ಪೂರ್ತಿ ಆರಿರಲಿಲ್ಲ. ಮಧ್ಯಾಹ್ನ ಪುಸ್ತಕ ತೆರೆದು ಗುರುತನ್ನು ಹೆಬ್ಬೆರಳಿನಿಂದ ಎಳೆದೆ. ನೋಡುತ್ತಿದ್ದಂತೆಯೇ ಬಿಳಿ ಬಟ್ಟೆಯ ಮೇಲೆ ಕಡುನೀಲಿ ಎದ್ದು ಬಂತು, ಕಪ್ಪೆನ್ನುವಷ್ಟು ನೀಲಿ. ಒಳಗಿನಿಂದ ಯಾರೋ ಒತ್ತಿದ ಹಾಗೆ. ಪುಸ್ತಕ ಕೈಯಿಂದ ಜಾರಿ ಬಿತ್ತು.

ಗಂಜಿಗೆ ಅಯೋಡಿನ್ ತಗುಲಿದರೆ ನೀಲಿಯಾಗುತ್ತದೆ. ಕಂಪೌಂಡರ್ ಪರೀಕ್ಷೆಗೆ ಓದಿದ ಮೊದಲ ಪಾಠಗಳಲ್ಲಿ ಒಂದು. ಅದು ನೆನಪಾಗಲು ಇಷ್ಟು ಹೊತ್ತು ಬೇಕಾಯಿತು. ಹೆಬ್ಬೆರಳಿನ ಗೆರೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿವೆ.

ತೊಳೆದರೆ ಗಂಜಿ ಹೋಗುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಹಾಗೆಯೇ ಇಟ್ಟರೆ ಅವಳು ನೋಡುತ್ತಾಳೆ. ಗುರುತನ್ನು ಜೇಬಿಗೆ ಹಾಕಿಕೊಂಡೆ. ಪುಸ್ತಕವನ್ನೂ ಅಂಗಿಯೊಳಗೆ ಇಟ್ಟುಕೊಂಡು ಡಿಸ್ಪೆನ್ಸರಿಗೆ ಬಂದೆ. ಇಂಥದೇ ಇನ್ನೊಂದನ್ನು ಮಾಡುವುದು ಎಷ್ಟರ ಕೆಲಸ?

೧೯ ಮಾರ್ಚ್

ಆಗಲಿಲ್ಲ. ಗಂಜಿ ನೀರಾಗಿ ಬಟ್ಟೆ ಜೋತುಬಿತ್ತು. ಎರಡನೆಯದಕ್ಕೆ ದಪ್ಪ ಗಂಜಿ ಕಾಯಿಸಿದೆ, ಸ್ಪಿರಿಟ್ ಒಲೆಯ ಮೇಲೆ, ಔಷಧಿ ಕುದಿಸುವ ಪಾತ್ರೆಯಲ್ಲಿ. ಗಂಟುಗಂಟಾಯಿತು. ಗಿಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದ್ಯಾವ ಕಾಯ್ಲೆಗೆ ಅಯ್ಯ?"

"ಸುಮ್ನಿರು."

"ಗಂಜಿ ಮಾಡಕ್ ಬರ್ದೋರು ಮೂವತ್ ಥರ ಔಸ್ದಿ ಹೆಂಗ್ ಮಾಡ್ತೀರ? ಅದ್ಕೇ ಅಷ್ಟ್ ಕಹಿ." ಪಾತ್ರೆಯನ್ನು ಕಸಿದುಕೊಂಡು, ತಿಳಿ ಬಸಿದು, ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಯಾಕೆಂದು ಕೇಳಲಿಲ್ಲ. ಹೊರಟಾಗ ಮಾತ್ರ, "ಅಮ್ಮಾರು ಪುಸ್ತ್ಕ ಕಾಣ್ಸಲ್ಲ ಅಂತ ಅಳ್ತಾವ್ರೆ. ಬ್ಯಾಗ ಮಾಡಿ" ಎಂದಳು.

೨೧ ಮಾರ್ಚ್

ಸ್ಟೆರಿಲೈಸರಿನ ಬಿಸಿ ಹೊಟ್ಟೆಗೆ ಅಂಟಿಸಿ ಒಣಗಿಸಿದೆ. ಗರಿಗರಿಯಾಯಿತು. ಲೈನಿನ ದರ್ಜಿಯಿಂದ ಕೆಂಪು ದಾರ ತಂದೆ. ಹೊಲಿಯುವುದು ನನಗೆ ಬರುತ್ತದೆ. ಚರ್ಮ ಹೊಲಿದ ಕೈ. ಆದರೂ ಬಟ್ಟೆಗೆ ಸೂಜಿ ಚುಚ್ಚುವಾಗ, ನೋವಾಗದಿರಲೆಂದು ಪ್ರತಿ ಸಲವೂ ಕೈ ತಡೆಯಿತು. ಸೆಣಬಿನ ಬಾಲ ಕಟ್ಟಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ನೀಲಿ ಕಲೆ ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಅವಳು ಬೆವರು ಬಿಟ್ಟು ಮಲಗಿದ್ದಾಗ ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಹೊಸದನ್ನು ಒಳಗಿಟ್ಟೆ.

೨೨ ಮಾರ್ಚ್

ಮಧ್ಯಾಹ್ನ ಮನೆಗೆ ಬಂದಾಗ ಅವಳು ಜಗಲಿಯಲ್ಲಿ ಕುಳಿತಿದ್ದಳು, ಪುಸ್ತಕ ಮಡಿಲಲ್ಲಿ. ಗುರುತು ಕೈಯಲ್ಲಿ. ಬಾಲದ ಗಂಟನ್ನು ಉಗುರಿನಿಂದ ಮುಟ್ಟುತ್ತಿದ್ದಳು.

"ಇದು ಗಾಯ ಕಟ್ಟೋ ಗಂಟು," ಎಂದಳು. "ಎರಡು ಸುತ್ತು ಹಾಕಿ ಎಳೆಯೋದು. ನನ್ನ ಕಾಲು ಸೀಳಿದಾಗ ಹೀಗೇ ಕಟ್ಟಿದ್ರಿ. ಕಾತಿ ಹೂ ಕಟ್ಟೋ ಗಂಟು ಹಾಕೋಳು."

ಚಪ್ಪಲಿ ಬಿಟ್ಟು ಅವಳೆದುರು ಕೂತೆ.

"ಇಷ್ಟು ದಿನ ನೀವಾ?"

"ಹೌದು."

"ಎಲ್ಲಾ?"

"ಮುಂದಕ್ಕೆ ಹೋದದ್ದೆಲ್ಲ."

ಎದ್ದು ಒಳಗೆ ಹೋದಳು. ಕಪಾಟಿನ ಕೆಳಗೆ ಮಗುವಿಗೆಂದು ಇಟ್ಟ ಅವಲಕ್ಕಿಯ ಎಲೆಯನ್ನು ತೆಗೆದು ದನಕ್ಕೆ ಹಾಕಿದಳು. ಮಗು ಸತ್ತ ದಿನ ಅಳದಿದ್ದವಳು ಇವತ್ತು ಅತ್ತಳು. ಅಂದು ಕಸಿದುಕೊಂಡದ್ದು ಜ್ವರ. ಇಂದು ನಾನು.

೨೩ ಮಾರ್ಚ್

ಮಾತಿಲ್ಲ. ಚಳಿ.

೨೫ ಮಾರ್ಚ್

ಮಾತಿಲ್ಲ. ಚಳಿ. ಕ್ವಿನೈನ್ ಲೋಟ ಬೆಳಿಗ್ಗೆ ಇಟ್ಟದ್ದು ಸಂಜೆಯೂ ಹಾಗೇ ಇತ್ತು, ಮೇಲೆ ಒಂದು ನೊಣ. ಮೂಡಿಗೆರೆಗೆ ಕರೆದೊಯ್ಯಲು ಗಾಡಿ ಹೇಳಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆರಳು ಬಿಡಿಸಲು ಹೋದೆ. ಅಷ್ಟು ತೆಳ್ಳಗಾಗಿದ್ದವು, ಬಿಟ್ಟುಬಿಟ್ಟೆ. ಗಾಡಿ ಬರಿದೇ ಹೋಯಿತು.

ಓದುವ ಹೊತ್ತಿಗೆ ಕೈ ತಾನಾಗಿ ಕಪಾಟಿನತ್ತ ಹೋಗುತ್ತದೆ. ಇನ್ನು ಯಾರಿಗಾಗಿ?

೨೬ ಮಾರ್ಚ್

ಚಳಿಯಿಲ್ಲದ ದಿನ. ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ನಾನು ಕೈ ತೊಳೆದು ಹೊರಟಿದ್ದೆ.

"ಅಣ್ಣ ಸಿಕ್ಕಿದ್ನಾ?"

ಅರ್ಥವಾಗಲಿಲ್ಲ.

"ನಾಗವೇಣಿಗೆ. ನಿಮಗೆ ಗೊತ್ತಲ್ಲ, ಮುಂದಿಂದು."

"ಇನ್ನೂ ಇಲ್ಲ. ಬಂದರಿನಲ್ಲಿ ಊಟದ ಮನೆ ಇಟ್ಟಿದಾಳೆ."

"ಅಯ್ಯೋ, ಅವಳಾ? ಅಕ್ಕಿ ತೊಳೆಯೋಕೂ ಬರದೋಳು!" ನನ್ನ ಭಾಗೀರಥಿ ನಕ್ಕಂತಾಯಿತು.

"ಎಡಗೈಗೆ ಮಾತ್ರ ಬಳೆ ಯಾಕೆ?" ಎಂದು ಕೇಳಿದೆ. ಇಷ್ಟು ದಿನದಿಂದ ತಲೆಯಲ್ಲಿ ಕೂತಿತ್ತು.

"ಅಷ್ಟೂ ಗೊತ್ತಿಲ್ವಾ? ಬಲಗೈದನ್ನ ಅಣ್ಣನ ಬುತ್ತಿಗಂಟಲ್ಲಿ ಇಟ್ಟು ಕಳಿಸಿದ್ಲಲ್ಲ, ಕಷ್ಟಕ್ಕಾದ್ರೆ ಮಾರ್ಕೋ ಅಂತ. ಅದನ್ನ ಓದಿದ ದಿನ ಕಾತಿ ತನ್ನ ಬಲಗೈ ಬಳೆನೂ ತೆಗೆದು, ನೋಡು ಹಿಂಗಿರತ್ತೆ ಅಂತ ತೋರ್ಸಿದ್ಲು." ಸೆರಗು ಸರಿಮಾಡಿಕೊಂಡು, "ಗುರುತು ಹಿಂದಕ್ಕೆ ಇಟ್ಟಿದ್ದು ನಾನೇ. ಮುಗಿಸಿಬಿಟ್ರೆ ಹೋಗ್ತಾಳಲ್ಲ ಅಂತ" ಎಂದಳು.

ಗೊತ್ತಾಗಿತ್ತು ಎಂದೆ. ನಿಜವಾಗಿ ಗೊತ್ತಾಗಿತ್ತೇ, ಹೇಳಲಾರೆ.

ಹಳೆಯ ಗುರುತು ಎಲ್ಲೆಂದು ಕೇಳಿದಳು. ಜೇಬಿನಿಂದ ತೆಗೆದುಕೊಟ್ಟೆ. ನೀಲಿ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಪುಸ್ತಕ ತೆಗೆದುಕೊಂಡು, ಕಣ್ಣು ಮುಚ್ಚಿ, ಎರಡೂ ಬದಿ ಒತ್ತಿ, ಒಂದು ಕಡೆ ಬಿಡಿಸಿದಳು. ಅಲ್ಲಿ ನಾಗವೇಣಿ ದೋಣಿಗೆ ಕಾಯುತ್ತಿದ್ದಳು.

"ಇಲ್ಲಿಂದ. ಗಟ್ಟಿಯಾಗಿ."

ನೆಲದ ಮೇಲೆ ಕೂತು ಓದಿದೆ. ಮಿಕ್ಸ್ಚರಿನ ಚೀಟಿ ಓದಿದ ಹಾಗಿದೆ, ದೋಣಿಯವನಿಗೆ ಬೇರೆ ದನಿ ಮಾಡಿ ಎಂದಳು. ಮಾಡಿದೆ. ಕ್ವಿನೈನ್ ಲೋಟ ಅವಳ ಪಕ್ಕದಲ್ಲೇ ಇತ್ತು. ಸಂತೆಯ ಅಧ್ಯಾಯ ಮುಗಿಸಿ ತಲೆಯೆತ್ತಿದಾಗ ಲೋಟ ಬರಿದಾಗಿತ್ತು. ಒಲೆಗೆ ಚೆಲ್ಲಿದಳೋ, ಬೂದಿ ಒದ್ದೆಯಾಗಿದೆಯೇ ಎಂದು ನೋಡಬೇಕೆನಿಸಿತು. ನೋಡಲಿಲ್ಲ.

೨೭ ಮಾರ್ಚ್

ಇವತ್ತು ಚಳಿಯ ದಿನ. ಬಂತು, ಸ್ವಲ್ಪ ತಡವಾಗಿ. ಲೋಟ ಬರಿದು, ಎರಡು ಸಲ. ಅವಳು ಕುಡಿದದ್ದನ್ನು ನಾನು ಕಂಡಿಲ್ಲ. ಬೂದಿ ಒಲೆಯಲ್ಲಿ ಇರುವುದೇ ಇಲ್ಲ, ಗುಡಿಸಿ ಆಗಿರುತ್ತದೆ.

೨೯ ಮಾರ್ಚ್

ಮಂಜಯ್ಯ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, ಪೋಸ್ಟ್ ಮಾಸ್ಟ್ರ ಹೆಂಡತಿ ಈಗ ಬೇರೆ ಪುಸ್ತಕ ಹಿಡಿದಿದ್ದಾರೆ, ನೀವು ನಿಧಾನ ಮಾಡಿ ಎಂದರು.

ಸಂಜೆ ಓದಲು ಕೂತೆ. ಅಣ್ಣನನ್ನು ಕಂಡೆನೆಂಬ ಒಬ್ಬ ಉಪ್ಪಿನ ವ್ಯಾಪಾರಿ ಊಟಕ್ಕೆ ಬಂದಿದ್ದಾನೆ. ಅವನಿಗೆ ಒಂದು ಒರಟು ದನಿ ಮಾಡಿಕೊಂಡಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ಭಾಗೀರಥಿ ಕೈಯೆತ್ತಿ ತಡೆದಳು.

"ಏನಂತಿದಾನೆ ಅವನು? ಕೇಳ್ಸಲ್ಲ ಮಾರಾಯ್ರೆ. ಗಟ್ಟಿಯಾಗಿ ಓದಿ."

"ಗಟ್ಟಿಯಾಗಿಯೇ ಓದ್ತಿದೀನಲ್ಲ."

"ಬೆಳಿಗ್ಗೆಯಿಂದ ಕಿವಿಯೊಳಗೆ ಜೀರುಂಡೆ ಕೂತ ಹಾಗಿದೆ. ಗುಂಯ್ ಅಂತ. ನಿಲ್ಲೋದೇ ಇಲ್ಲ."

ಕ್ವಿನೈನ್ ರಕ್ತಕ್ಕೆ ಇಳಿದವರ ಕಿವಿ ಮೊರೆಯುತ್ತದೆ. ಈ ಜ್ವರದಲ್ಲಿ ಕಿವಿ ಮೊರೆದರೆ ಅದು ಕುಡಿದ ಗುರುತೇ. ಲೈನಿನವರು ದಿನವೂ ಅದಕ್ಕಾಗಿ ನನ್ನನ್ನು ಬೈಯುತ್ತಾರೆ. ಕಾತ್ಯಾಯಿನಿಗೆ ಕುಡಿಸತೊಡಗಿದ್ದು ತಡವಾಗಿತ್ತು. ಅವಳು ಹಾಗೆ ಹೇಳುವ ದಿನ ಬರಲೇ ಇಲ್ಲ.

ಪುಸ್ತಕ ಮೇಲೆತ್ತಿ ಹಿಡಿದು, ಉಪ್ಪಿನ ವ್ಯಾಪಾರಿಯ ಮಾತನ್ನು ಮೊದಲಿನಿಂದ, ಕೂಗಿ ಓದಿದೆ. ಕೆಳಗಿನ ಲೈನಿನಲ್ಲಿ ಯಾರೋ ಬಾಗಿಲು ತೆಗೆದು, ಕಂಪೌಂಡ್ರಯ್ಯ ಯಾರನ್ನು ಬೈತಿದ್ದಾರೆ ಎಂದು ಕೇಳಿದರು. "ಇನ್ನೂ ಗಟ್ಟಿಯಾಗಿ," ಎಂದಳು ಭಾಗೀರಥಿ.